ಮನೆ ಕ್ಲೀನಿಂಗ್‌ಗೆ ಯಾರನ್ನು ಕರೆಸೋದು?

ದಸರಾ ಹತ್ತಿರ ಬಂತು ಅಂದ್ರೆ ನನ್ನ ಫೋನಿಗೆ ಒಂದೇ ಪ್ರಶ್ನೆ. "ಡೀಪ್ ಕ್ಲೀನಿಂಗ್‌ಗೆ ಯಾರನ್ನ ಕರೆಸ್ತೀರಾ? ನಂಬರ್ ಕೊಡ್ತೀರಾ?" ಬಾಡಿಗೆ ಮನೆ ಖಾಲಿ ಮಾಡುವವರು, ಗೃಹಪ್ರವೇಶ ಇಟ್ಟುಕೊಂಡವರು, ಮಗಳು-ಅಳಿಯ ಊರಿಂದ ಬರ್ತಾರೆ ಅನ್ನುವವರು, ಎಲ್ಲರದೂ ಇದೇ. ಬೆಂಗಳೂರಿನಲ್ಲಿ ಹದಿನಾಲ್ಕು ವರ್ಷದಲ್ಲಿ ಐದು ಮನೆ ಬದಲಾಯಿಸಿದ್ದೇನೆ. ಹಾಗಾಗಿ ನನಗೆ ಗೊತ್ತಿರುತ್ತೆ ಅಂತ ಅವರ ನಂಬಿಕೆ.

ನಂಬರ್ ಮಾತ್ರ ನಾನು ಕೊಡಲ್ಲ. ಜಂಬ ಅಂದುಕೊಳ್ಳಬೇಡಿ, ಕಾರಣ ಇದೆ.

ಒಂದೇ ನಂಬರಿಗೆ ನಾನು ಎರಡು ಸಲ ಫೋನ್ ಮಾಡಿದ್ದೆ. ಮೊದಲ ಸಲ ಬಂದ ನಾಲ್ವರು ಫ್ಯಾನಿನ ರೆಕ್ಕೆಯಿಂದ ಹಿಡಿದು ಕಿಟಕಿಯ ಚಾನೆಲ್ ಸಂದಿಯವರೆಗೆ ಮನೆಯನ್ನು ಕನ್ನಡಿ ಮಾಡಿ ಹೋದರು. ಮುಂದಿನ ವರ್ಷ ಹಬ್ಬದ ವಾರ ಕರೆಸಿದಾಗ ಬಂದವರು ಬೇರೆಯೇ ಜನ. ಆರ್ಡರ್ ಜಾಸ್ತಿಯಾದಾಗ ಆ ಕಂಪನಿಯವರು ಕೆಲಸವನ್ನು ಇನ್ನೊಬ್ಬ ಕಂಟ್ರಾಕ್ಟರಿಗೆ ದಾಟಿಸುತ್ತಾರೆ ಅಂತ ಆಮೇಲೆ ಗೊತ್ತಾಯಿತು. ಹೆಸರು ಅದೇ, ಟೀ ಶರ್ಟ್ ಅದೇ, ಕೈ ಮಾತ್ರ ಬೇರೆ.

ಆ ಎರಡನೇ ಸಲ ಆದದ್ದನ್ನು ಹೇಳಿಬಿಡುತ್ತೇನೆ. ನಮ್ಮ ಯುಟಿಲಿಟಿಯಲ್ಲಿ ಸಿಂಕ್ ಪಕ್ಕ ಕಡಪ ಕಲ್ಲಿನ ಕಟ್ಟೆ ಇದೆ. ಬೋರ್‌ವೆಲ್ ನೀರು ಬಿದ್ದು ಬಿದ್ದು ಬಿಳಿ ಕರೆ ಕಟ್ಟಿತ್ತು. ಒಬ್ಬ ಹುಡುಗ ಲೇಬಲ್ ಇಲ್ಲದ ಬಿಳಿ ಕ್ಯಾನಿನಿಂದ ಏನೋ ಸುರಿದ. ಬುಸ್ ಅಂತ ನೊರೆ ಬಂತು. ಉಜ್ಜಿ ನೀರು ಹಾಕಿದ. ಕಪ್ಪು ಕಲ್ಲು ಒದ್ದೆಯಾಗಿ ಫಳಫಳ ಹೊಳೆಯಿತು. ನಾನೂ ಖುಷಿಯಾಗಿ ಎಲ್ಲರಿಗೂ ಟೀ ಕೊಟ್ಟೆ. ಅರ್ಧ ಗಂಟೆ ಬಿಟ್ಟು ಒಣಗಿದ ಮೇಲೆ ನಮ್ಮತ್ತೆ ನೋಡಿ, "ಇದೇನೇ, ಕಲ್ಲಿಗೆ ವಿಭೂತಿ ಬಳಿದ ಹಾಗಿದೆ!" ಅಂದರು. ಕಟ್ಟೆ ತುಂಬಾ ಬೂದು ಪಟ್ಟೆ. ಸೂಪರ್‌ವೈಸರಿಗೆ ಫೋನ್ ಮಾಡಿದರೆ, "ಅದು ಕಲ್ಲಿನ ಕ್ವಾಲಿಟಿ ಮೇಡಂ" ಅಂತ ಇಟ್ಟುಬಿಟ್ಟ.

ಕ್ವಾಲಿಟಿ ಅಲ್ಲ, ಆ್ಯಸಿಡ್. ಬೋರ್ ನೀರಿನ ಬಿಳಿ ಕರೆ ಅಂದರೆ ಬಹುಪಾಲು ಸುಣ್ಣ. ಅದನ್ನು ಕರಗಿಸುವುದು ಆ್ಯಸಿಡ್. ಆದರೆ ಕಡಪ ಕಲ್ಲೂ ಸುಣ್ಣದ ಕಲ್ಲೇ. ಕಲಬುರಗಿ ಕಡೆಯ ಶಹಾಬಾದ್ ಕಲ್ಲೂ ಅಷ್ಟೇ, ಮಾರ್ಬಲ್ಲೂ ಅಷ್ಟೇ. ಕಲೆಯೂ ಸುಣ್ಣ, ಕಲ್ಲೂ ಸುಣ್ಣ. ಯಾವುದನ್ನು ತಿನ್ನಬೇಕು, ಯಾವುದನ್ನು ಬಿಡಬೇಕು ಅಂತ ಆ್ಯಸಿಡ್‌ಗೆ ಹೇಗೆ ಗೊತ್ತಾಗಬೇಕು? ಹಳೇ ಮನೆಗಳ ಮೊಸಾಯಿಕ್ ನೆಲದಲ್ಲಿ ಇರುವುದೂ ಸಿಮೆಂಟು ಮತ್ತು ಮಾರ್ಬಲ್ ಚೂರು. ಬಸವನಗುಡಿ, ಮಲ್ಲೇಶ್ವರದ ಕಡೆ ಇನ್ನೂ ಉಳಿದಿರುವ ರೆಡ್ ಆಕ್ಸೈಡ್ ನೆಲವೂ ಸಿಮೆಂಟೇ. ವರ್ಷಗಟ್ಟಲೆ ಒರೆಸಿ, ತಿಕ್ಕಿ ಬಂದ ಅದರ ಹೊಳಪನ್ನು ಆ್ಯಸಿಡ್ ಒಂದು ಮಧ್ಯಾಹ್ನದಲ್ಲಿ ತೆಗೆದುಬಿಡುತ್ತದೆ. ಗ್ರಾನೈಟ್, ವಿಟ್ರಿಫೈಡ್ ಟೈಲ್ಸ್ ಅಷ್ಟು ಸುಲಭಕ್ಕೆ ಹಾಳಾಗಲ್ಲ. ಆದರೆ ಟೈಲ್ಸ್ ನಡುವಿನ ಸಿಮೆಂಟ್ ಜಾಯಿಂಟು, ನಲ್ಲಿಯ ಕ್ರೋಮ್ ಹೊಳಪು ತಡೆಯಲ್ಲ.

ಹಾಗಾಗಿ ಯಾರನ್ನೇ ಕರೆಸಿ, ರೇಟ್ ಕೇಳುವ ಮೊದಲು ನಾನು ಕೇಳುವುದು ಇದನ್ನು: "ನಮ್ಮ ನೆಲಕ್ಕೆ ಏನು ಹಾಕ್ತೀರಾ?" ಒಳ್ಳೆಯ ಕೆಲಸದವರಾದರೆ ತಿರುಗಿ ಪ್ರಶ್ನೆ ಹಾಕುತ್ತಾರೆ. ನೆಲ ಯಾವುದು ಮೇಡಂ, ಟೈಲ್ಸಾ, ಮಾರ್ಬಲ್ಲಾ? ಫೋಟೋ ಕಳಿಸಿ ಅನ್ನುತ್ತಾರೆ. "ಎಲ್ಲಾ ಕ್ಲೀನ್ ಆಗುತ್ತೆ, ನೀವು ಟೆನ್ಷನ್ ತಗೋಬೇಡಿ" ಅಂದವರಿಗೆ ನಾನು ಈಗ ಅಲ್ಲಿಗೇ ಥ್ಯಾಂಕ್ಸ್ ಹೇಳಿ ಫೋನ್ ಇಡುತ್ತೇನೆ. ನಿಮ್ಮ ಕಲ್ಲು ಯಾವುದು ಅಂತ ನಿಮಗೇ ಗೊತ್ತಿಲ್ವಾ? ಕಾಣದ ಮೂಲೆಯಲ್ಲಿ ಒಂದು ಹನಿ ನಿಂಬೆರಸ ಹಾಕಿ, ಐದು ನಿಮಿಷ ಬಿಟ್ಟು ಒರೆಸಿ. ಒಣಗಿದ ಮೇಲೆ ಅಲ್ಲಿ ಹೊಳಪು ಹೋಗಿದ್ದರೆ ಆ ಕಲ್ಲಿಗೆ ಆ್ಯಸಿಡ್ ಮುಟ್ಟಿಸುವ ಹಾಗಿಲ್ಲ.

ಲೇಬಲ್ ಇಲ್ಲದ ಕ್ಯಾನ್ ಕಂಡರೆ ಒಳಗೆ ಬಿಡಬೇಡಿ. ಇದು ಬರೀ ಕಲ್ಲಿನ ಮಾತಲ್ಲ. ಬಾತ್‌ರೂಮಿನಲ್ಲಿ ಟಾಯ್ಲೆಟ್ ಕ್ಲೀನರ್ ಹಾಕಿ, ಅದರ ಮೇಲೆಯೇ ಬ್ಲೀಚಿಂಗ್ ಪೌಡರ್ ಉದುರಿಸುವವರನ್ನು ಕಂಡಿದ್ದೇನೆ. ಆ್ಯಸಿಡ್ಡೂ ಬ್ಲೀಚೂ ಸೇರಿದರೆ ಕ್ಲೋರಿನ್ ಅನಿಲ ಹುಟ್ಟುತ್ತದೆ. ಬಾಗಿಲು ಹಾಕಿಕೊಂಡು ಕೆಲಸ ಮಾಡುವ ಆ ಹುಡುಗನ ಗತಿ ಏನು? ಇನ್ನು ಚಿಮಣಿಯ ಜಿಡ್ಡಿಗೆ ಕಾಸ್ಟಿಕ್ ಸೋಡಾ ಬಳಸುತ್ತಾರೆ. ಅದು ಸ್ಟೀಲ್ ಫಿಲ್ಟರ್‌ಗೆ ಪರವಾಗಿಲ್ಲ, ಅಲ್ಯುಮಿನಿಯಂ ಆದರೆ ಕಪ್ಪಾಗಿ ಸವೆದುಹೋಗುತ್ತದೆ.

ರೇಟಿನ ವಿಷಯ. ಒಬ್ಬರು ಮೂರು ಸಾವಿರ ಅಂತಾರೆ, ಇನ್ನೊಬ್ಬರು ಐದು. ಯಾವುದು ಕಡಿಮೆ ಅಂತ ಹೇಳುವ ಮೊದಲು ಎಷ್ಟು ಜನ, ಎಷ್ಟು ಹೊತ್ತು ಅಂತ ಕೇಳಿ. ಇಬ್ಬರು ಮೂರು ಗಂಟೆ ಮಾಡಿದರೆ ಒಟ್ಟು ಆರು ಗಂಟೆಯ ಕೆಲಸ. ಮೂವರು ಐದು ಗಂಟೆ ಮಾಡಿದರೆ ಹದಿನೈದು. ಮೊದಲನೆಯವರಿಗೆ ಗಂಟೆಗೆ ಐನೂರು ಬಿತ್ತು, ಎರಡನೆಯವರಿಗೆ ಮುನ್ನೂರ ಮೂವತ್ತು ಚಿಲ್ಲರೆ. ಈಗ ಹೇಳಿ, ಯಾರು ದುಬಾರಿ?

ಏನೇನು ಸೇರಿದೆ ಅನ್ನೋದನ್ನು ವಾಟ್ಸ್ಆ್ಯಪ್‌ನಲ್ಲಿ ಬರೆಸಿಕೊಳ್ಳಿ. ಕಪಾಟಿನ ಒಳಗಡೆ ಉಂಟಾ? ಉಂಟು ಅಂದರೆ ಸಾಮಾನು ತೆಗೆದಿಡುವವರು ಯಾರು? ಅಟ್ಟ? ಸೊಳ್ಳೆ ಪರದೆ? ಬಾಲ್ಕನಿ ಗ್ರಿಲ್ಲು, ಫ್ರಿಜ್ಜಿನ ಒಳಗೆ? ಬಾಯಿಮಾತಿನಲ್ಲಿ ಎಲ್ಲವೂ ಇರುತ್ತದೆ. ಕೆಲಸ ಮುಗಿಯುವ ಹೊತ್ತಿಗೆ ಅರ್ಧ "ಪ್ಯಾಕೇಜಿನಲ್ಲಿ ಇಲ್ಲ ಮೇಡಂ" ಆಗಿರುತ್ತದೆ. ಹೊಸದಾಗಿ ಕಟ್ಟಿದ ಮನೆಯಾದರೆ ಮೊದಲೇ ಹೇಳಿ. ಪೇಂಟ್ ಹನಿ, ಸಿಮೆಂಟ್ ಕರೆ ಕೆರೆದು ತೆಗೆಯೋದು ಬೇರೆಯೇ ಕೆಲಸ, ರೇಟೂ ಬೇರೆ.

ಬಾಡಿಗೆ ಮನೆ ಬಿಡುವವರು ಇನ್ನೊಂದು ನೋಡಿಕೊಳ್ಳಬೇಕು. ಬೆಂಗಳೂರಿನಲ್ಲಿ ಪೇಂಟಿಂಗು, ಕ್ಲೀನಿಂಗು ಅಂತ ಓನರ್ ಅಡ್ವಾನ್ಸಿನಿಂದ ಒಂದು ತಿಂಗಳ ಬಾಡಿಗೆ ಹಿಡಿದುಕೊಳ್ಳುವುದು ಮಾಮೂಲು. ಅಗ್ರಿಮೆಂಟಿನಲ್ಲಿ ಹಾಗೆ ಬರೆದಿದ್ದರೆ ನೀವು ಸುಮ್ನೆ ಇನ್ನೂ ನಾಲ್ಕು ಸಾವಿರ ಯಾಕೆ ಕಳೆಯಬೇಕು? ನಾನು ಎರಡು ಮನೆಗಳಲ್ಲಿ ಈ ದಡ್ಡತನ ಮಾಡಿದ್ದೇನೆ.

ಬಿಲ್ ಕೇಳಲು ನಾಚಿಕೆ ಬೇಡ. ಸೇವೆ ಕೊಡುವವರ ವಹಿವಾಟು ವರ್ಷಕ್ಕೆ 20 ಲಕ್ಷ ದಾಟದಿದ್ದರೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಬೇಕಿಲ್ಲ. ಆದ್ದರಿಂದ ಸಣ್ಣ ಟೀಮಿನವರ ಹತ್ತಿರ ಜಿಎಸ್‌ಟಿ ನಂಬರ್ ಇಲ್ಲ ಅಂದ ಮಾತ್ರಕ್ಕೆ ಅವರು ಮೋಸಗಾರರಲ್ಲ. ಆದರೆ 18% ಜಿಎಸ್‌ಟಿ ಸೇರಿಸಿ ದುಡ್ಡು ಕೇಳಿದವರ ಬಿಲ್ಲಿನಲ್ಲಿ ನಂಬರ್ ಇರಲೇಬೇಕು. ಅದು 15 ಅಕ್ಷರದ್ದು, ಕರ್ನಾಟಕದ್ದಾದರೆ 29ರಿಂದ ಶುರು. ಜಿಎಸ್‌ಟಿ ಪೋರ್ಟಲ್‌ನಲ್ಲಿ ಹಾಕಿದರೆ ಯಾರ ಹೆಸರಿನಲ್ಲಿದೆ ಅಂತ ಬರುತ್ತದೆ. ಕೆಲಸ ಕೆಟ್ಟರೆ ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು ಕೊಡಲು ಈ ಬಿಲ್ಲು, ಆ ವಾಟ್ಸ್ಆ್ಯಪ್ ಮಾತು, ಮೊದಲೇ ತೆಗೆದಿಟ್ಟ ಫೋಟೋ, ಇಷ್ಟು ಬೇಕು. ಕಡಪ ಕಟ್ಟೆಯ ದಿನ ನನ್ನ ಹತ್ತಿರ ಈ ಮೂರರಲ್ಲಿ ಒಂದೂ ಇರಲಿಲ್ಲ.

ಬುಕಿಂಗ್‌ಗೆ ಐದೇ ರೂಪಾಯಿ ಕಟ್ಟಿ ಅಂತ ಲಿಂಕ್ ಅಥವಾ ಆ್ಯಪ್ ಫೈಲ್ ಕಳಿಸುವವರಿದ್ದಾರೆ. ಮುಟ್ಟಬೇಡಿ. ಮುಟ್ಟಿ ದುಡ್ಡು ಹೋಗಿದ್ದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಬರುವ ಹುಡುಗರ ವಿಷಯದಲ್ಲಿ ನನ್ನದೊಂದು ಹಠ ಇದೆ. ಕಿಟಕಿಯ ಹೊರಗಿನ ಗಾಜು ಒರೆಸಲು ಸಜ್ಜದ ಮೇಲೆ ಇಳಿಯಲು ಬಿಡಲ್ಲ. ಮೂರನೇ ಮಹಡಿಯಲ್ಲಿ ಒಬ್ಬ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಹೊರಗೆ ಕಾಲಿಟ್ಟಿದ್ದ, ಸೊಂಟಕ್ಕೆ ಹಗ್ಗ ಕೂಡ ಇಲ್ಲ. ನನ್ನ ಜೀವ ಬಾಯಿಗೆ ಬಂತು. ಗಾಜು ಕೊಳೆಯಾಗಿದ್ದರೆ ಇರಲಿ ಬಿಡಿ. ಕೈಗೆ ಗ್ಲೌಸ್ ಇದೆಯಾ, ಮಧ್ಯಾಹ್ನ ಊಟಕ್ಕೆ ಬಿಡುತ್ತಾರಾ ಅಂತ ಫೋನಿನಲ್ಲೇ ಕೇಳುತ್ತೇನೆ. ತನ್ನ ಕೆಲಸಗಾರರಿಗೆ ಗ್ಲೌಸ್ ಕೊಡದವನು ನನ್ನ ಕಲ್ಲಿನ ಬಗ್ಗೆ ಯೋಚನೆ ಮಾಡ್ತಾನಾ?

ಬೆಳಗ್ಗೆ ಬೇಗ ಕರೆಸಿ, ಬೆಳಕಿರುವಾಗಲೇ ಮುಗಿಸಿ. ಸಂಜೆ ಟ್ಯೂಬ್‌ಲೈಟಿನಲ್ಲಿ ಎಲ್ಲಾ ಚೆನ್ನಾಗಿಯೇ ಕಾಣುತ್ತದೆ. ನೆಲ ಒದ್ದೆ ಇರುವಾಗ ದುಡ್ಡು ಕೊಡಬೇಡಿ. ಫ್ಯಾನ್ ಹಾಕಿ, ಒಣಗಲಿ. ನಮ್ಮ ಮನೆಯಲ್ಲಿ ಈ ಇನ್‌ಸ್ಪೆಕ್ಷನ್ ಈಗ ಅತ್ತೆಯ ಖಾತೆ. ಬಿಳಿ ಟವಲ್ ಹಿಡಿದು ಬೀರು ಮೇಲೆ, ಬಾಗಿಲ ಚೌಕಟ್ಟಿನ ಮೇಲೆ ಎಳೆಯುತ್ತಾರೆ. ಟವಲ್ ಕಪ್ಪಾದರೆ ಏನೂ ಬೈಯಲ್ಲ, ಸೂಪರ್‌ವೈಸರಿನ ಕೈಗೆ ಕೊಟ್ಟು ಸುಮ್ಮನೆ ಕುರ್ಚಿಯಲ್ಲಿ ಕೂರುತ್ತಾರೆ. ಕಡಪ ಕಟ್ಟೆಯ ಪಟ್ಟೆಗಳು ಇನ್ನೂ ಹಾಗೇ ಇವೆ. ಅದರ ಮೇಲೆ ಈಗ ಕುಕ್ಕರ್ ಕವುಚಿ ಹಾಕುತ್ತೇವೆ.