ಗೊಬ್ಬರ ಗ್ಯಾಸಿಗೆ ಎಂಟು ಲೀಟರ್ ಹಾಲು ಕುಡಿಸಿದ ಕಥೆ

ಹತ್ತೊಂಬತ್ತು ದಿನ ಆದಮೇಲೆ ನಿನ್ನೆ ಬೆಳಿಗ್ಗೆ ಒಲೆ ಹತ್ತಿತು. ನೀಲಿ ಉರಿ, ಭುಸುಗುಟ್ಟದೆ ನಿಂತಿತು. ಅದಕ್ಕೇ ಈ ಬಾರಿಯ ಬರಹ ಉದ್ದ.

ಅಡುಗೆಮನೆಯ ಕಸ ಕೊಳೆಸಿ ಒಲೆಗೆ ಗ್ಯಾಸ್ ಕೊಡುವ ಟ್ಯಾಂಕ್ ನಮ್ಮದು; ಅದನ್ನು ಕಟ್ಟಿದ ಕಥೆ ಮತ್ತೆ ಹೇಳುವುದಿಲ್ಲ. ಪುಣೆಯ ಆರ್ತಿ ಸಂಸ್ಥೆಯ ಮಾದರಿ, ಗ್ಯಾಸ್ ತುಂಬಿದಂತೆ ಮೇಲೇಳುವ ತೇಲುವ ಡ್ರಮ್, ಕೆಳಗಿನ ಟ್ಯಾಂಕ್ 500 ಲೀಟರ್. ಮೈಸೂರಿನ ನಮ್ಮ ಹಿತ್ತಲಿನಲ್ಲಿ ಎರಡು ವರ್ಷದಿಂದ ಅನ್ನ, ತರಕಾರಿ ಸಿಪ್ಪೆ ತಿಂದುಕೊಂಡು ಸುಮ್ನೆ ಇತ್ತು.

ಅಕ್ಕನ ಮನೆ ಗೃಹಪ್ರವೇಶ ಆಯಿತು. ಹಾಲು ಉಕ್ಕಿಸಲು ಬೇಕಾದದ್ದು ಒಂದು ಲೋಟ, ತಂದಿದ್ದು ನೂರು ಜನಕ್ಕೆ ಕಾಫಿ ಅಂತ. ಉಳಿದ ಹದಿನಾರು ಅರ್ಧ ಲೀಟರ್ ಪ್ಯಾಕೆಟ್ ನಮ್ಮ ಫ್ರಿಜ್ಜಿಗೆ ಬಂತು. ರಾತ್ರಿಯಿಡೀ ಕರೆಂಟ್ ಇಲ್ಲ. ಬೆಳಿಗ್ಗೆ ಕಾಯಿಸಿದರೆ ಒಂದೊಂದೇ ಒಡೆಯಿತು. ಅಮ್ಮ ಸಕ್ಕರೆ ಹಾಕಿ ತಿರುವುತ್ತೇನೆ ಅಂದರು. ವಾಸನೆ ನೋಡಿ ಅವರೇ ಕೈಬಿಟ್ಟರು.

ಸಿಂಕಿಗೆ ಸುರಿಯಲು ಮನಸ್ಸು ಬರಲಿಲ್ಲ. ಕೊಳೆಯುವಾಗ ಹಾಲು ನೀರಿನಿಂದ ಎಳೆಯುವ ಆಮ್ಲಜನಕ, ಮನೆಯ ಚರಂಡಿ ನೀರು ಎಳೆಯುವುದಕ್ಕಿಂತ ನೂರಾರು ಪಟ್ಟು ಜಾಸ್ತಿ. ಗಾಳಿಯಾಡದ ಮೋರಿಯಲ್ಲಿ ಕೊಳೆತರೆ ಅಲ್ಲೂ ಮೀಥೇನ್, ಅಂದರೆ ಗೊಬ್ಬರ ಗ್ಯಾಸಿನಲ್ಲಿ ಉರಿಯುವ ಅನಿಲ. ಅದೇ ಮೀಥೇನ್ ನನ್ನ ಡ್ರಮ್ಮಿನಲ್ಲೇ ಆಗಲಿ ಅಂತ ಜಾಣತನ ತೋರಿಸಿದೆ. ಎಂಟೂ ಲೀಟರ್ ಒಂದೇ ಸಲ ಒಳಗೆ.

ಸಂಜೆಗೆ ಡ್ರಮ್ ಒಂದು ಗೇಣು ಮೇಲೆ! ಫೋಟೋ ತೆಗೆದು ಎಲ್ಲರಿಗೂ ಕಳಿಸಿದೆ. ಒಲೆ ಹಚ್ಚಿದರೆ ಕಡ್ಡಿಯೇ ಆರಿತು. ಇನ್ನೊಂದು ಕಡ್ಡಿ, ಅದೂ ಆರಿತು. ಡ್ರಮ್ಮಿನ ತುಂಬ ಬರೀ ಕಾರ್ಬನ್ ಡೈಆಕ್ಸೈಡ್ ಅಂದುಕೊಂಡು ವಾಲ್ವ್ ತೆಗೆದು ಎರಡು ದಿನ ಗಾಳಿಗೆ ಬಿಟ್ಟೆ. ಇದನ್ನು ನೆನಪಿಡಿ, ಆಮೇಲೆ ನನಗೇ ಬೈಯುವುದಿದೆ.

ಹುಳಿ ಎಷ್ಟಿದೆ ಅಂತ ಅಳೆಯುವ ಪಿ.ಎಚ್. ಪೇಪರ್ 7 ಅಂತ ತೋರಿಸಿತು, ಅಂದರೆ ಹುಳಿಯೂ ಅಲ್ಲ, ಕ್ಷಾರವೂ ಅಲ್ಲ; ಅಂಕಿ ಇಳಿದಷ್ಟೂ ಹುಳಿ ಜಾಸ್ತಿ. ಹಾಗಾದರೆ ತೊಂದರೆ ಎಲ್ಲಿ? ನಾಲ್ಕು ದಿನ ಬರ್ನರ್ ಬಿಚ್ಚಿದೆ, ಜೆಟ್ ತೊಳೆದೆ, ಪೈಪಿನ ನೀರು ಇಳಿಸಿದೆ. ಐದನೇ ದಿನ ಯಾಕೋ ಅನುಮಾನ ಬಂದು ಅದೇ ಪೇಪರನ್ನು ನಿಂಬೆರಸಕ್ಕೆ ಅದ್ದಿದೆ. ಅದಕ್ಕೂ ಅದೇ ಹಸಿರು! ಯಾವ ಕಾಲದ ಮಾಲೋ. ಅಂಗಡಿಯವರನ್ನು ಕೇಳಿದರೆ, 'ಸಾರ್, ನಿಂಬೆಹಣ್ಣು ಹಣ್ಣಾಗಿರಬೇಕು.' ಹೊಸ ಪೇಪರ್ ಬೇರೆ ಕಡೆಯಿಂದ ತಂದೆ. ಟ್ಯಾಂಕ್ ಇದ್ದದ್ದು 5.5ರಲ್ಲಿ. 6.5ರ ಕೆಳಗೆ ಹೋದರೆ ಮೀಥೇನ್ ಮಾಡುವ ಸೂಕ್ಷ್ಮಜೀವಿಗಳು ಕೆಲಸ ನಿಲ್ಲಿಸುತ್ತವೆ. ಹಾಲಿನ ಸಕ್ಕರೆ ಗಂಟೆಗಳಲ್ಲಿ ಹುಳಿಯಾಗುತ್ತದೆ. ಆ ಹುಳಿ ತಿಂದು ಗ್ಯಾಸ್ ಮಾಡುವವರು ಮಾತ್ರ ಆಮೆ ನಡಿಗೆಯವರು. ಬಡಿಸುವವರು ಎರಡನೇ ಪಂಕ್ತಿಗೆ ಬಂದರೂ ಇವರದು ಇನ್ನೂ ಕೋಸಂಬರಿ ಮುಗಿದಿರಲ್ಲ.

ಸುಣ್ಣ ಹಾಕಿದೆ. ಪಿ.ಎಚ್. ಏರಿತು, ಡ್ರಮ್ ಪೂರ್ತಿ ಕುಸಿಯಿತು. ಎಲ್ಲೋ ಸೋರುತ್ತಿದೆ ಅಂತ ಒಂದು ಭಾನುವಾರ ಪೂರ್ತಿ ಸೋಪು ನೀರು ಹಿಡಿದುಕೊಂಡು ಕೂತೆ. ಗಟ್ಟಿಗ ಸುಣ್ಣ ಕಾರ್ಬನ್ ಡೈಆಕ್ಸೈಡನ್ನೇ ಹೀರಿಕೊಂಡಿತ್ತು ಅಂತ ತಲೆಗೆ ಹೊಳೆದದ್ದು ಸಂಜೆಗೆ. ಆದರೆ ತಮಾಷೆ ನೋಡಿ, ಮುಖ್ಯ ವಾಲ್ವಿನ ಹತ್ತಿರ ನಿಜಕ್ಕೂ ಗುಳ್ಳೆ ಬರುತ್ತಿತ್ತು. 'ನೀರಿಗೂ ಗ್ಯಾಸಿಗೂ ಒಂದೇ ಸಾರ್' ಅಂತ ಹಾರ್ಡ್‌ವೇರ್ ಅಂಗಡಿಯವರು ಕೊಟ್ಟ ಗೇಟ್ ವಾಲ್ವ್ ಅದು. ಎಷ್ಟು ತಿಂಗಳಿಂದ ಸೋರುತ್ತಿತ್ತೋ. ಬಾಲ್ ವಾಲ್ವ್ ಹಾಕಿ ಟೇಪ್ ಸುತ್ತಿದೆ.

ಎರಡೇ ದಿನಕ್ಕೆ ಪಿ.ಎಚ್. ಮತ್ತೆ ಇಳಿಯಿತು. ಈಗ ಅಡುಗೆ ಸೋಡಾ. ಅರ್ಧ ಕೆ.ಜಿ. ಕೇಳಿದ್ದಕ್ಕೆ ದಿನಸಿ ಅಂಗಡಿಯವರು, 'ಬೋಂಡಾ ಅಂಗಡಿ ಇಟ್ರಾ?' ಅಂದರು. ಸ್ವಲ್ಪ ತಡೆಯಿತು, ಆದರೂ ಗ್ಯಾಸ್ ಇಲ್ಲ. ಕೊನೆಗೆ ಶಿರಸಿಯ ಮಾವನಿಗೆ ಫೋನ್ ಮಾಡಿದೆ. ಆ ಕಡೆ ಗೊಬ್ಬರ ಗ್ಯಾಸ್ ಇಲ್ಲದ ಮನೆ ಹುಡುಕಬೇಕು. ಮಾವ ನಕ್ಕು ಸುಸ್ತಾದರು. 'ನಿನ್ನ ಟ್ಯಾಂಕಿಗೆ ಆಮ್ಲಪಿತ್ತ ಆಗಿದೆ ಮಾರಾಯ. ಔಷಧಿ ಸಾಕು. ಉಪವಾಸ ಹಾಕು, ಹೊಸ ಸಗಣಿ ಕೊಡು. ಮೇಲೆ ಕೆನೆ ಕಟ್ಟಿದೆಯಾ ನೋಡು.'

ಕಟ್ಟಿತ್ತು! ಬಿದಿರು ಕೋಲು ಇಳಿಬಿಟ್ಟರೆ ನಾಲ್ಕು ಬೆರಳು ದಪ್ಪದ ಜಿಡ್ಡು. ನಾನು ಹುಳಿಯ ಹಿಂದೆಯೇ ಓಡುತ್ತಿದ್ದೆ, ಕೊಬ್ಬನ್ನು ಮರೆತೇಬಿಟ್ಟಿದ್ದೆ. ಹಾಲಿನ ಕೊಬ್ಬು ಒಡೆದಾಗ ಬರುವ ಉದ್ದ ಸರಪಳಿಯ ಆಮ್ಲಗಳು ಈ ಸೂಕ್ಷ್ಮಜೀವಿಗಳ ಮೈಗೆ ಮೆತ್ತಿಕೊಳ್ಳುತ್ತವೆ. ಪಿ.ಎಚ್. ಎಷ್ಟೇ ಸರಿಮಾಡಿದರೂ ಆ ಜೀವಿಗಳು ಚೇತರಿಸಿಕೊಂಡು ಏಳುವುದಿಲ್ಲ. ಜಿಡ್ಡು ಬಾಚಿ ತೆಗೆದು ಒಣ ಎಲೆಯ ಜೊತೆ ಕಾಂಪೋಸ್ಟಿಗೆ ಹಾಕಿದೆ. ಟ್ಯಾಂಕಿನೊಳಗಿನ ಕೊಳೆತ ಗಂಜಿ, ಅಂದರೆ ಸ್ಲರಿ, ಮೂರನೇ ಒಂದು ಪಾಲು ಹೊರಗೆ, ಅಷ್ಟೇ ಸಗಣಿ ನೀರು ಒಳಗೆ. ಸಗಣಿ ಕೊಡುವವರು ಬುಟ್ಟಿಯಲ್ಲಿ ಅರ್ಧ ಹುಲ್ಲೇ ತುಂಬಿದ್ದರು, ಅದನ್ನು ಆರಿಸಿದ್ದೇ ಒಂದು ಮಧ್ಯಾಹ್ನದ ಕೆಲಸ. ಆಮೇಲೆ ಎಂಟು ದಿನ ಏನೂ ಹಾಕಲಿಲ್ಲ, ದಿನಕ್ಕೆರಡು ಸಲ ಕಲಕಿದ್ದು ಅಷ್ಟೇ. ನಿನ್ನೆ ಹತ್ತಿತು.

ಟೀ ಕುಡಿಯುತ್ತಾ ಲೆಕ್ಕ ಹಾಕಿದೆ, ಟೀ ಕಹಿಯಾಯಿತು. ಎಂಟು ಲೀಟರ್ ಹಾಲಿನಿಂದ ಹೆಚ್ಚೆಂದರೆ 560 ಲೀಟರ್ ಮೀಥೇನ್ ಬರಬಹುದು. ಅದು ಸುಮಾರು 440 ಗ್ರಾಂ ಎಲ್‌ಪಿಜಿಗೆ ಸಮ. ಅಷ್ಟು ಸಿಲಿಂಡರ್ ಗ್ಯಾಸ್ ಉಳಿದರೆ ತಪ್ಪುವುದು 1.3 ಕೆ.ಜಿ. ಕಾರ್ಬನ್ ಡೈಆಕ್ಸೈಡ್. ಆದರೆ ಆ ಹಾಲು ನಮ್ಮ ಮನೆಗೆ ಬರುವಷ್ಟರಲ್ಲಿ ಆಗಿದ್ದೆಷ್ಟು? ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2010ರಲ್ಲಿ ಕೊಟ್ಟ ಜಾಗತಿಕ ಸರಾಸರಿ, ಕೆ.ಜಿ. ಹಾಲಿಗೆ 2.4 ಕೆ.ಜಿ. ಕಾರ್ಬನ್ ಡೈಆಕ್ಸೈಡಿಗೆ ಸಮನಾದ ಅನಿಲ. ಅದರಲ್ಲಿ ಶೇ. 93 ಕೊಟ್ಟಿಗೆಯ ಬಾಗಿಲು ದಾಟುವ ಮೊದಲೇ ಆಗಿರುತ್ತದೆ: ಹಸುವಿನ ತೇಗು, ಸಗಣಿ, ಮೇವು ಬೆಳೆಯುವುದು. ನಮ್ಮ ಎಂಟು ಲೀಟರಿಗೆ ಹತ್ತೊಂಬತ್ತು ಕೆ.ಜಿ. ಆಯಿತು. ನನ್ನ ಟ್ಯಾಂಕ್ ಎಷ್ಟೇ ಚೆನ್ನಾಗಿ ನಡೆದರೂ ವಾಪಸ್ ಬರುವುದು ಹದಿನೈದರಲ್ಲಿ ಒಂದು ಪಾಲು.

ಚೆನ್ನಾಗಿ ನಡೆಯದಿದ್ದರೆ? ಮೀಥೇನ್ ನೂರು ವರ್ಷದ ಲೆಕ್ಕದಲ್ಲಿ ಕಾರ್ಬನ್ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಬಿಸಿ ಹಿಡಿಯುತ್ತದೆ. ಆ 560 ಲೀಟರ್ ಪೂರ್ತಿ ಸೋರಿ ಹೋದರೆ ಇನ್ನೂ ಹತ್ತು ಕೆ.ಜಿ. ಮೇಲೆ ಬೀಳುತ್ತದೆ. ಉರಿಯದ ಗ್ಯಾಸಿನಲ್ಲೂ ಮೀಥೇನ್ ಇರುತ್ತದೆ, ಕಡಿಮೆ ಇರುತ್ತದೆ ಅಷ್ಟೇ. ಎರಡು ದಿನ ವಾಲ್ವ್ ತೆಗೆದು ಬಿಟ್ಟಿದ್ದೆನಲ್ಲ. ಅದರ ಮೇಲೆ ಆ ಗೇಟ್ ವಾಲ್ವ್. ಪರಿಸರ ಕಾಪಾಡ್ತೀನಿ ಅಂತ ಎರಡು ವರ್ಷ ಭಾಷಣ ಬಿಗಿದವನು ನಾನೇ!

ಈಗ ಫ್ರಿಜ್ಜಿನ ಮೇಲೆ ಒಂದು ನೋಟ್‌ಬುಕ್ ಇದೆ. ಚೆಲ್ಲಿದ್ದು, ಉಕ್ಕಿದ್ದು, ಒಡೆದದ್ದು, ಮೂರು ಕಾಲಂ. ಹತ್ತು ದಿನಕ್ಕೆ 1.4 ಲೀಟರ್, ಮೂರೇ ಜನರ ಮನೆಯಲ್ಲಿ. ಜಾಸ್ತಿ ಹೋದದ್ದು ಒಡೆದ ಕಾಲಂನಲ್ಲಿ: ಹೊಸ ಪ್ಯಾಕೆಟ್ ಮುಂದೆ ಇಟ್ಟು ಹಳೆಯದನ್ನು ಹಿಂದೆ ಮರೆಯುವುದು. ದಿನಕ್ಕೆ ಮೂರು ಪ್ಯಾಕೆಟ್ ಇದ್ದದ್ದನ್ನು ಎರಡಕ್ಕೆ ಇಳಿಸಿದ್ದೇವೆ. ನೆಂಟರು ಬಂದರೆ ಮೂರು.

ಟ್ಯಾಂಕಿಗೆ ಇನ್ನು ದಿನಕ್ಕೆ ಒಂದು ಲೋಟಕ್ಕಿಂತ ಹೆಚ್ಚು ಹಾಲು ಇಲ್ಲ, ಅದೂ ಸಗಣಿ ನೀರಲ್ಲಿ ಕಲಸಿ. ಒಡೆದ ನೀರು ಕರಿಬೇವಿಗೆ, ನೀರು ಬೆರೆಸಿ. ಗಟ್ಟಿ ಭಾಗಕ್ಕೆ ಬೇರೆ ಯೋಜನೆ ಇದೆ: ಅಂಟು. ಹಾಲಿನ ಗಟ್ಟಿಗೆ ಸುಣ್ಣ ಕಲಸಿದರೆ ಮರಕ್ಕೆ ಒಳ್ಳೆ ಅಂಟಾಗುತ್ತದೆ. ಮೊದಲ ಮಹಾಯುದ್ಧದ ಮರದ ವಿಮಾನಗಳನ್ನು ಜೋಡಿಸಲು ಇದೇ ಕೇಸಿನ್ (ಹಾಲಿನ ಪ್ರೋಟೀನ್) ಅಂಟು ಬಳಸುತ್ತಿದ್ದರು. ನಮ್ಮನೆಯಲ್ಲಿ ವಿಮಾನ ಇಲ್ಲ, ಕಾಲು ಮುರಿದ ಮಣೆ ಇದೆ. ಕೊಬ್ಬಿದ್ದರೆ ಹಿಡಿತ ಕಡಿಮೆ, ಹಾಗಾಗಿ ಕೆನೆ ತೆಗೆದ ಹಾಲೇ ಆಗಬೇಕು. ಸುಣ್ಣ ಹೇಗೂ ಉಳಿದಿದೆ.

ಅದಕ್ಕಾಗಿ ನಿನ್ನೆ ರಾತ್ರಿ ಕೆನೆ ತೆಗೆದು ಅರ್ಧ ಲೀಟರ್ ಹಳೇ ಹಾಲು ಎತ್ತಿಟ್ಟಿದ್ದೆ, ಇವತ್ತು ಒಡೆಯಲಿ ಅಂತ. ಬೆಳಿಗ್ಗೆ ನೋಡಿದರೆ ಅಮ್ಮ ಅದಕ್ಕೆ ಹೆಪ್ಪು ಹಾಕಿಬಿಟ್ಟಿದ್ದಾರೆ. ಮೊಸರು ಗಟ್ಟಿಯಾಗಿ ಬಂದಿದೆ. ಮಣೆ ಇನ್ನೂ ಮೂರೇ ಕಾಲಿನ ಮೇಲಿದೆ.