ಹ್ಯಾರಿಸ್ ಪಾರ್ಕಿಗೆ ದೋಸೆ ತಿನ್ನಲು ಹೋಗಿ

ಆಸ್ಟ್ರೇಲಿಯಾದ ಸಿಡ್ನಿಯಲ್ಲಿರುವ ಮಗಳ ಮನೆಗೆ ಬಂದು ಮೂರು ವಾರವಾಗಿತ್ತು. ಆಪೆರಾ ಹೌಸ್, ಹಾರ್ಬರ್ ಬ್ರಿಡ್ಜ್ ಎಲ್ಲ ಮುಗಿದು, ಫೋಟೋಗಳು ಊರಿನ ವಾಟ್ಸಾಪ್ ಗುಂಪಿಗೆ ಹೋಗಿ, ‘ಸೂಪರ್ ಸಾರ್’ ಎಂಬ ಉತ್ತರಗಳೂ ಬಂದಾಗಿತ್ತು. ಶನಿವಾರ ಬೆಳಿಗ್ಗೆ, ‘ಇವತ್ತು ಹ್ಯಾರಿಸ್ ಪಾರ್ಕಿಗೆ ಹೋಗಿ ದೋಸೆ ತಿಂದು ಬರ್ತೀನಿ’ ಎಂದೆ. ‘ಅಪ್ಪಾ, ಒಬ್ನೇ ಹೋಗ್ತೀಯಾ? ಟ್ರೈನಲ್ಲಿ ಹೋಗು, ಅರ್ಧ ಗಂಟೆ ಅಷ್ಟೆ’ ಎಂದಳು ಮಗಳು. ನಾನು ದೋಣಿ ಹತ್ತಿದೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಇತಿಹಾಸ ಪಾಠ ಮಾಡಿದವನಿಗೆ, ಹಳಬರು ಬಂದ ದಾರಿಯಲ್ಲೇ ಹೋಗಬೇಕೆಂಬ ಒಂದು ಚಪಲ.

ಸರ್ಕ್ಯುಲರ್ ಕೀ ಎಂಬ ದೋಣಿಕಟ್ಟೆಯಿಂದ ಹೊರಟ ದೋಣಿ ಪರಮಟ್ಟಾ ನದಿಯಲ್ಲಿ ಪಶ್ಚಿಮಕ್ಕೆ ಸಾಗುತ್ತದೆ. ಮೊದಲು ಸಮುದ್ರದಂಥ ಅಗಲ. ಹೋಗ್ತಾ ಹೋಗ್ತಾ ಎರಡೂ ದಡ ಹತ್ತಿರವಾಗಿ, ಕಾಂಡ್ಲಾ ಗಿಡಗಳ ನಡುವೆ ನಾಲೆಯಷ್ಟು ಸಣ್ಣದಾಗುತ್ತದೆ. ಅಂದು ನೀರಿಳಿತದ ಹೊತ್ತು. ರಿಡಲ್‌ಮಿಯರ್‌ನಲ್ಲೇ ಇಳಿಸಿ, ಮುಂದಿನ ಒಂದಿಷ್ಟು ದೂರಕ್ಕೆ ಬಸ್ಸು ಹತ್ತಿಸಿದರು. ಬೇಸರವಾದರೂ ಪಾಠವಾಯಿತು. ಕಡಲಿನ ಏರಿಳಿತ ಮುಟ್ಟುವ ಕೊನೆಯ ಜಾಗ ಪರಮಟ್ಟಾ. ಅಲ್ಲಿಂದ ಮೇಲಕ್ಕೆ ಸಿಹಿನೀರು, ಕೆಳಕ್ಕೆ ಉಪ್ಪುನೀರು. ಎರಡೂ ಬೆರೆಯುವಲ್ಲಿ ಹಾವುಮೀನು ಹೇರಳ. ಇಲ್ಲಿನ ಮೂಲನಿವಾಸಿಗಳಾದ ಧರುಗ್ ಜನರ ಒಂದು ಕುಲಕ್ಕೆ ಬುರಮಟ್ಟಗಲ್ ಎಂದೇ ಹೆಸರು. ‘ಬುರ’ ಎಂದರೆ ಆ ಹಾವುಮೀನು. ಆ ಹೆಸರು ಇಂಗ್ಲಿಷರ ಬಾಯಲ್ಲಿ ಪರಮಟ್ಟಾ ಆಯಿತು. ಇಲ್ಲಿನ ರಗ್ಬಿ ತಂಡವೂ ತನ್ನನ್ನು ಹಾವುಮೀನು ಎಂದೇ ಕರೆದುಕೊಳ್ಳುತ್ತದೆ.

1788ರ ಜನವರಿಯಲ್ಲಿ ಸಿಡ್ನಿ ಕೋವ್‌ನಲ್ಲಿ ಇಳಿದ ಬ್ರಿಟಿಷರಿಗೆ ಅಲ್ಲಿನ ಮರಳುನೆಲದಲ್ಲಿ ಬೆಳೆ ಕೈಗೆ ಹತ್ತಲಿಲ್ಲ. ಹಡಗಿನಲ್ಲಿ ತಂದ ದಿನಸಿ ಕರಗುತ್ತಿತ್ತು. ಒಳ್ಳೆಯ ಮಣ್ಣು ಹುಡುಕುತ್ತಾ ನದಿಯ ಮೇಲೆ ಬಂದು, ಅದೇ ವರ್ಷದ ನವೆಂಬರ್‌ನಲ್ಲಿ ಇಲ್ಲಿ ಬೀಡುಬಿಟ್ಟರು. ಅಂದರೆ ಈ ಊರು ಹುಟ್ಟಿದ್ದು ಹಸಿವಿನಿಂದ. ಅಂದು ನಾನೂ ಹಸಿದೇ ಹೋಗಿದ್ದೆ ಅನ್ನುವುದು ಬೇರೆ ಮಾತು.

ಹ್ಯಾರಿಸ್ ಪಾರ್ಕ್ ಎಂದರೆ ಪರಮಟ್ಟಾ ಪೇಟೆಗೆ ಅಂಟಿಕೊಂಡ ಚಿಕ್ಕ ಬಡಾವಣೆ. ವಿಗ್ರಾಮ್ ಸ್ಟ್ರೀಟಿಗೆ ಕಾಲಿಟ್ಟರೆ ಒಗ್ಗರಣೆ ವಾಸನೆ ಮೂಗಿಗೆ ಬಡಿಯುತ್ತದೆ. ಕೆಲಸಗಾರರಿಗೆಂದು ಕಟ್ಟಿದ ಹಳೆಯ ತಗ್ಗು ಮನೆಗಳೇ ಇಂದಿನ ಹೋಟೆಲುಗಳು. ವರಾಂಡದಲ್ಲಿ ಮೇಜು ಹಾಕಿದ್ದಾರೆ, ಅಂಗಳದಲ್ಲಿ ಪಾನಿಪುರಿ. ಹಿಂದೆ ಇದು ಲೆಬನಾನಿನವರ ಕೇರಿಯಾಗಿತ್ತು. ಅವರ ಮ್ಯಾರೊನೈಟ್ ಪಂಥದ ಚರ್ಚು ಈಗಲೂ ಇಲ್ಲೇ ಇದೆ. ಆಮೇಲೆ ನಮ್ಮವರು ಬಂದರು. 2009ರಲ್ಲಿ ಭಾರತೀಯ ವಿದ್ಯಾರ್ಥಿಗಳು ತಮ್ಮ ಮೇಲಿನ ಹಲ್ಲೆಗಳನ್ನು ಪ್ರತಿಭಟಿಸಿ ರಾತ್ರಿ ರಸ್ತೆಗಿಳಿದದ್ದು ಇದೇ ಬೀದಿಗಳಲ್ಲಿ. 2023ರಲ್ಲಿ ಎರಡೂ ದೇಶಗಳ ಪ್ರಧಾನಿಗಳು ಸೇರಿ ‘ಲಿಟಲ್ ಇಂಡಿಯಾ’ ಎಂದು ಹೆಸರಿಟ್ಟದ್ದೂ ಇದಕ್ಕೇ. ಹದಿನಾಲ್ಕು ವರ್ಷದಲ್ಲಿ ಅಲ್ಲಿಂದ ಇಲ್ಲಿಗೆ.

ದೋಸೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಗರಿಗರಿಯಾಗಿತ್ತು. ಚಟ್ನಿ ಮಾತ್ರ ನಮ್ಮದಲ್ಲ.

ಊರಿಗೆ ಹ್ಯಾರಿಸ್ ಹೆಸರು ಏಕೆ ಎಂದು ಹುಡುಕುತ್ತಾ ಹತ್ತು ನಿಮಿಷ ನಡೆದೆ. ರೂಸ್ ಸ್ಟ್ರೀಟಿನಲ್ಲಿ ಎಕ್ಸ್‌ಪೆರಿಮೆಂಟ್ ಫಾರ್ಮ್ ಕಾಟೇಜ್ ಇದೆ. ಅಗಲ ವರಾಂಡ, ತಗ್ಗಿದ ಮಾಡು. ನಮ್ಮ ಕಡೆಯ ಹಳೆಯ ಐಬಿಯಂತಿದೆ. ನಾನು ತುಂಬಾ ಹೊತ್ತು ನಿಂತದ್ದು ಮನೆಯೊಳಗಲ್ಲ, ಅದರ ಮುಂದಿನ ಇಳಿಜಾರಿನಲ್ಲಿ.

ಜೇಮ್ಸ್ ರೂಸ್ ಇಂಗ್ಲೆಂಡಿನ ಕಾರ್ನ್‌ವಾಲ್‌ನವನು. ಕಳ್ಳತನದ ಕೇಸಿನಲ್ಲಿ ಗಲ್ಲುಶಿಕ್ಷೆಯಾಗಿ, ಅದು ಏಳು ವರ್ಷದ ಗಡೀಪಾರಿಗೆ ಇಳಿದು, 1788ರ ಆ ಮೊದಲ ಹಡಗು ಪಡೆಯಲ್ಲೇ ಬಂದ ಕೈದಿ. ಶಿಕ್ಷೆಯ ಅವಧಿ ಮುಗಿದಾಗ ‘ನನಗೆ ಭೂಮಿ ಕೊಡಿ’ ಎಂದು ಕೇಳಿದ. ಗವರ್ನರ್ ಆರ್ಥರ್ ಫಿಲಿಪ್ 1789ರ ನವೆಂಬರ್‌ನಲ್ಲಿ ಅವನಿಗೆ ಇಲ್ಲಿ ಒಂದೂವರೆ ಎಕರೆ, ಒಂದು ಗುಡಿಸಲು, ಬಿತ್ತನೆ ಬೀಜ ಕೊಟ್ಟ. ಒಬ್ಬ ಮನುಷ್ಯ ಈ ನೆಲದಲ್ಲಿ ತನ್ನ ಅನ್ನ ತಾನು ಬೆಳೆದುಕೊಳ್ಳಬಲ್ಲನೇ, ಅದಕ್ಕೆ ಎಷ್ಟು ಕಾಲ ಬೇಕು ಎಂದು ನೋಡುವುದೇ ಆ ‘ಪ್ರಯೋಗ’.

ಅವನ ಬೇಸಾಯದ ಕ್ರಮವನ್ನು ವಾಟ್ಕಿನ್ ಟೆಂಚ್ ಎಂಬ ಸೇನಾಧಿಕಾರಿ ಬರೆದಿಟ್ಟಿದ್ದಾನೆ. ಕಡಿದ ಮರವನ್ನು ಅಲ್ಲೇ ಸುಟ್ಟು ಬೂದಿಯನ್ನು ಮಣ್ಣಿಗೆ ಸೇರಿಸಿದ. ನೇಗಿಲಿಲ್ಲ, ಗುದ್ದಲಿಯಲ್ಲೇ ಅಗೆದು ಹೆಂಟೆ ಒಡೆದ. ಹುಲ್ಲು ಕಳೆಯನ್ನು ಅಡಿಗೆ ಮುಚ್ಚಿದ. ಬಿಸಿಲು ಗಾಳಿಗೆ ಬಿಟ್ಟು, ಬಿತ್ತುವ ಮುಂಚೆ ಇನ್ನೊಮ್ಮೆ ಮಗುಚಿದ. ಸರ್ಕಾರಿ ಫಾರಂನವರ ಹಾಗೆ ನೆಲ ಕೆರೆದು ಬಿಡುವುದಿಲ್ಲ ಎಂಬ ಜಂಬವೂ ಅವನಿಗಿತ್ತು. ಇದನ್ನು ಓದುವಾಗ ನನ್ನಪ್ಪನ ನೆನಪಾಯಿತು. ಮಾಗಿ ಉಳುಮೆ ಮಾಡದ ಪಕ್ಕದ ಹೊಲದವರ ಬಗ್ಗೆ ಅವರೂ ಇದೇ ದನಿಯಲ್ಲಿ ಮಾತಾಡುತ್ತಿದ್ದರು.

1791ರ ಫೆಬ್ರವರಿಯಲ್ಲಿ ರೂಸ್, ಇನ್ನು ಸರ್ಕಾರದ ದಿನಸಿ ಬೇಡ ಎಂದ. ಮೂವತ್ತು ಎಕರೆ ಅವನ ಹೆಸರಿಗಾಯಿತು. ಆ ವಸಾಹತಿನ ಮೊದಲ ಭೂಮಂಜೂರಾತಿ ಅದು. 1793ರಲ್ಲಿ ನಲವತ್ತು ಪೌಂಡಿಗೆ ಮಾರಿಬಿಟ್ಟ. ಮುಂದೆ ಹಾಕ್ಸ್‌ಬರಿ ನದಿಯ ಕಡೆ ಹೋಗಿ ಬೇಸಾಯ ಮಾಡಿದ. ಕ್ಯಾಂಬೆಲ್‌ಟೌನ್‌ನಲ್ಲಿರುವ ಅವನ ಗೋರಿಕಲ್ಲಿನ ಮೇಲೆ, ಈ ನಾಡಿನಲ್ಲಿ ಮೊದಲ ಕಾಳು ಬಿತ್ತಿದವನು ನಾನು ಎಂಬ ಅರ್ಥದ ಸಾಲುಗಳಿವೆಯಂತೆ, ಕಾಗುಣಿತದ ತಪ್ಪುಗಳ ಸಮೇತ. ಮೇಷ್ಟರಾದ ನಾನು ಆ ತಪ್ಪಿಗೆ ಅಂಕ ಕಳೆಯಲಾರೆ.

ಆದರೆ ಮಂಜೂರು ಮಾಡಿದ್ದು ಯಾರ ಭೂಮಿ? ಬುರಮಟ್ಟಗಲ್ ಜನರನ್ನು ಯಾರೂ ಕೇಳಲಿಲ್ಲ. 1797ರಲ್ಲಿ ಬಿಡ್ಜಿಗಲ್ ಕುಲದ ಪೆಮುಲ್ವೊಯ್ ತನ್ನವರನ್ನು ಕಟ್ಟಿಕೊಂಡು ಪರಮಟ್ಟಾದಲ್ಲೇ ಸೈನಿಕರನ್ನು ಎದುರಿಸಿದ. ಗುಂಡೇಟು ತಿಂದು ಸೆರೆಸಿಕ್ಕು, ಕಾಲಿಗೆ ಕೋಳ ಇರುವಂತೆಯೇ ತಪ್ಪಿಸಿಕೊಂಡ. 1802ರಲ್ಲಿ ಅವನನ್ನು ಕೊಂದು ತಲೆಯನ್ನು ಇಂಗ್ಲೆಂಡಿಗೆ ಕಳಿಸಿದರು.

ರೂಸ್‌ನ ಜಮೀನು ಕೊಂಡವನೇ ಸೈನ್ಯದ ವೈದ್ಯ ಜಾನ್ ಹ್ಯಾರಿಸ್. ಈಗಿನ ಕಾಟೇಜ್ ಅವನ ಕಾಲದ್ದು, 1835ರ ಸುಮಾರಿನದು. ಆಸಾಮಿ ಕಿಲಾಡಿ. ಒಮ್ಮೆ ಸೈನಿಕ ವಿಚಾರಣೆಗೆ ಗುರಿಯಾದಾಗ, ಆರೋಪಪಟ್ಟಿಯಲ್ಲಿ ‘ಇದೇ ತಿಂಗಳು’ ಎಂದಿರಬೇಕಾದಲ್ಲಿ ‘ಅಲ್ಟಿಮೊ’, ಅಂದರೆ ‘ಕಳೆದ ತಿಂಗಳು’, ಎಂದು ಬಿದ್ದಿತ್ತು. ಆ ಒಂದು ಪದದ ಮೇಲೆ ಪಾರಾದ. ಆ ಖುಷಿಗೆ ಸಿಡ್ನಿಯ ತನ್ನ ಇನ್ನೊಂದು ಎಸ್ಟೇಟಿಗೆ ಅಲ್ಟಿಮೊ ಎಂದೇ ಹೆಸರಿಟ್ಟ. ಇಂದಿಗೂ ಅದು ಸಿಡ್ನಿಯ ಒಂದು ಬಡಾವಣೆ. ಗುಮಾಸ್ತರ ತಪ್ಪಿನಿಂದ ಊರಿಗೆ ಹೆಸರು ಬಂದದ್ದು ಬೇರೆಲ್ಲೂ ನಾನು ಕೇಳಿಲ್ಲ. ಆಸ್ಟ್ರೇಲಿಯಾಕ್ಕೆ ಮೊದಲು ಜಿಂಕೆ ತರಿಸಿದವನೂ ಇವನೇ. ಭಾರತದ ಚುಕ್ಕೆಜಿಂಕೆ, ನಮ್ಮ ಬಂಡೀಪುರದ ರಸ್ತೆಬದಿಯಲ್ಲಿ ನಿಲ್ಲುವಂಥವೇ.

ಅಲ್ಲಿಂದ ಕೂಗಳತೆಯಲ್ಲೇ, ರೋಸ್‌ಹಿಲ್ ಬಡಾವಣೆಗೆ ಸೇರಿದ ಆಲಿಸ್ ಸ್ಟ್ರೀಟಿನಲ್ಲಿ, ಎಲಿಜಬೆತ್ ಫಾರ್ಮ್. 1793ರಲ್ಲಿ ಶುರುವಾದ ಈ ಮನೆ, ಐರೋಪ್ಯರು ಆಸ್ಟ್ರೇಲಿಯಾದಲ್ಲಿ ಕಟ್ಟಿದ್ದರಲ್ಲಿ ಉಳಿದಿರುವ ಅತಿ ಹಳೆಯದು. ಮ್ಯೂಸಿಯಂ ಆದರೂ ಹಗ್ಗ ಕಟ್ಟಿಲ್ಲ, ‘ಮುಟ್ಟಬೇಡಿ’ ಬೋರ್ಡಿಲ್ಲ. ಕುರ್ಚಿಯಲ್ಲಿ ಕೂರಬಹುದು, ಪುಸ್ತಕ ತೆರೆಯಬಹುದು. ನಾನು ಜಗಲಿಯಲ್ಲಿ ಕೂತು, ಚಪ್ಪಲಿ ಬಿಟ್ಟು, ಕಾಲು ಚಾಚಿದೆ. ಯಾರೂ ಏನೂ ಅನ್ನಲಿಲ್ಲ.

ಮನೆಯ ಯಜಮಾನ ಜಾನ್ ಮೆಕಾರ್ಥರ್ ಜಗಳಗಂಟ. 1808ರಲ್ಲಿ ಗವರ್ನರ್ ಬ್ಲೈನನ್ನೇ ಪದಚ್ಯುತಗೊಳಿಸಿದ ದಂಗೆಯಲ್ಲಿ ಕೈಯಾಡಿಸಿ, 1809ರಿಂದ 1817ರವರೆಗೆ ಇಂಗ್ಲೆಂಡಿನಲ್ಲೇ ಉಳಿಯಬೇಕಾಯಿತು. ಅಷ್ಟೂ ವರ್ಷ ಕುರಿ, ಉಣ್ಣೆ, ಆಳು, ಲೆಕ್ಕ, ಮಕ್ಕಳು ಎಲ್ಲ ನೋಡಿಕೊಂಡದ್ದು ಹೆಂಡತಿ ಎಲಿಜಬೆತ್. ಆಸ್ಟ್ರೇಲಿಯಾದ ಮೆರಿನೋ ಉಣ್ಣೆಯ ಕಥೆ ಆ ದಶಕ ದಾಟಿ ಬಂದದ್ದು ಅವಳ ಕೈಯಲ್ಲಿ. 1966ರಲ್ಲಿ ಬಂದ ಎರಡು ಡಾಲರ್ ನೋಟಿನಲ್ಲಿ ಮಾತ್ರ ಟಗರಿನ ಪಕ್ಕ ಗಂಡನ ಮುಖ. ಕುರಿ ಕಾದವಳು ಇಲ್ಲ, ಟಗರು ಇದೆ!

ಸಮೀಪದ ಹ್ಯಾಂಬಲ್ಡನ್ ಕಾಟೇಜನ್ನು ಹೊರಗಿನಿಂದಲೇ ನೋಡಿದೆ. ಮೆಕಾರ್ಥರ್ ಮಕ್ಕಳಿಗೆ ಪಾಠ ಹೇಳಿದ ಪೆನಲಪಿ ಲ್ಯೂಕಸ್‌ಗಾಗಿ 1824ರಲ್ಲಿ ಕಟ್ಟಿಸಿದ್ದು. ಟೀಚರಿಗೊಂದು ಮನೆ! ನಮ್ಮ ಕಡೆಯಿಂದ ಯಾರಾದರೂ ಇದನ್ನು ಓದಲಿ ಅನ್ನಿಸಿತು.

ಮಾರನೆಯ ದಿನ ಮತ್ತೆ ಬಂದೆ, ಈ ಸಲ ಟ್ರೈನಿನಲ್ಲಿ. ಪರಮಟ್ಟಾ ಪಾರ್ಕಿನ ದಿಬ್ಬದ ಮೇಲೆ ಓಲ್ಡ್ ಗವರ್ನಮೆಂಟ್ ಹೌಸ್. 1799ರಲ್ಲಿ ಆರಂಭವಾಗಿ, 1815ರ ನಂತರ ಗವರ್ನರ್ ಲಾಕ್ಲನ್ ಮೆಕ್ವಾರಿ ಬೆಳೆಸಿದ ಬಿಳಿ ಕಟ್ಟಡ. 2010ರಿಂದ ವಿಶ್ವಪರಂಪರೆಯ ಪಟ್ಟಿಯಲ್ಲಿದೆ. ತೋರಿಸುತ್ತಿದ್ದವರು ಒಬ್ಬ ವಯಸ್ಸಾದ ಸ್ವಯಂಸೇವಕರು. ಎಲ್ಲಿಂದ ಬಂದಿರಿ ಎಂದು ಕೇಳಿದರು. ಮೈಸೂರಿನ ಹತ್ತಿರ ಎಂದೆ. ಅವರ ಹುಬ್ಬು ಮೇಲೇರಿತು. ‘ಸೆರಿಂಗಪಟಂ?’

ನನ್ನ ಊರು ಅಲ್ಲಿಂದ ನಾಲ್ಕು ಮೈಲಿ. ಕೋಟೆಯ ಬುರುಜಿನ ಮೇಲೆ ಗಾಳಿಪಟ ಬಿಟ್ಟವನು ನಾನು. ಮೆಕ್ವಾರಿ ಇಲ್ಲಿಗೆ ಬರುವ ಮುನ್ನ ಭಾರತದಲ್ಲಿದ್ದ ಸೇನಾಧಿಕಾರಿ. ಟಿಪ್ಪುವಿನ ಮೇಲೆ 1792ರಲ್ಲೂ 1799ರಲ್ಲೂ ಶ್ರೀರಂಗಪಟ್ಟಣಕ್ಕೆ ಬಂದ ಬಾಂಬೆ ಸೈನ್ಯದಲ್ಲಿ ಇದ್ದವನು. ಕೊಡಗಿನ ಘಾಟಿ ಹತ್ತಿ ಬಂದ ಸೈನ್ಯ ಅದು. ಆ ಯುದ್ಧವನ್ನು ಎಷ್ಟು ಸಲ ಬೋರ್ಡಿನ ಮೇಲೆ ನಕ್ಷೆ ಬರೆದು ಪಾಠ ಮಾಡಿದ್ದೇನೋ. ಅಲ್ಲಿದ್ದವನೊಬ್ಬ ಇಲ್ಲಿ ಬಂದು ಊಟದ ಕೋಣೆ ಅಗಲಿಸಿಕೊಂಡು ಕೂತಿದ್ದ ಎಂಬುದು ನನ್ನ ಯಾವ ಪಠ್ಯದಲ್ಲೂ ಇರಲಿಲ್ಲ.

ಇಲ್ಲಿನವರಿಗೆ ಅವನು ಊರು ಕಟ್ಟಿದ ಗವರ್ನರ್. ಬಿಡುಗಡೆಯಾದ ಕೈದಿಗಳನ್ನು ಮನುಷ್ಯರಂತೆ ಕಂಡವನು. ಅದು ನಿಜ. 1816ರಲ್ಲಿ ಮೂಲನಿವಾಸಿಗಳ ಮೇಲೆ ಸೈನಿಕರನ್ನು ಕಳಿಸಿ, ಆಪಿನ್‌ನಲ್ಲಿ ಕನಿಷ್ಠ ಹದಿನಾಲ್ಕು ಜನರ ಸಾವಿಗೆ ಕಾರಣನಾದವನೂ ಅವನೇ. ಇನ್ನೊಬ್ಬನ ಹೆಸರೂ ಈ ಮನೆತನದ ಜೊತೆಗಿದೆ: ಜಾರ್ಜ್ ಜಾರ್ವಿಸ್. 1795ರಲ್ಲಿ ಕೊಚ್ಚಿಯಲ್ಲಿ ಮೆಕ್ವಾರಿ ಇಬ್ಬರು ಗುಲಾಮ ಹುಡುಗರನ್ನು ಕೊಂಡ. ಅವರಲ್ಲಿ ಒಬ್ಬ ಇವನು. ಜಾರ್ವಿಸ್ ಎಂಬುದು ಮೆಕ್ವಾರಿಯ ಮೊದಲ ಹೆಂಡತಿಯ ತವರಿನ ಹೆಸರು. ಹುಡುಗನಿಗೆ ಅವನ ಅಮ್ಮ ಇಟ್ಟ ಹೆಸರು ಯಾವುದಿತ್ತೋ! ಸೇವಕನಾಗಿ ಯಜಮಾನನ ಹಿಂದೆಯೇ ಇಲ್ಲಿಗೂ ಬಂದ. ವಿಗ್ರಾಮ್ ಸ್ಟ್ರೀಟಿನ ಮೊದಲ ಹೋಟೆಲಿಗಿಂತ ಎಷ್ಟೋ ಮುಂಚೆ, ನಮ್ಮ ಪಕ್ಕದ ಕರಾವಳಿಯಿಂದ ಬಂದವನೊಬ್ಬ ಇಲ್ಲಿ ಓಡಾಡಿದ್ದ.

ಮನೆ ಮುಚ್ಚುವ ಹೊತ್ತಾಯಿತು. ಹೊರಡುವಾಗ ಆ ಹಿರಿಯರು, ‘ನಿಮ್ಮೂರಿನ ಹೆಸರನ್ನು ನೀವು ಹೇಗೆ ಹೇಳುತ್ತೀರಿ?’ ಎಂದರು. ಬಿಡಿಸಿ ಹೇಳಿದೆ: ಶ್ರೀ, ರಂಗ, ಪಟ್ಟಣ. ಮೂರು ಸಲ ಪ್ರಯತ್ನಿಸಿದರು. ‘ಟ್ಟ’ದಲ್ಲಿ ಮೂರು ಸಲವೂ ನಾಲಿಗೆ ಜಾರಿತು. ಪರಮಟ್ಟಾದ ಹೆಸರು ಸರಿಯಾಗಿ ಹೇಗೆ ಎಂದು ನಾನು ಕೇಳಿದೆ. ಅವರು ಕನ್ನಡಕ ತೆಗೆದು, ನಿಧಾನವಾಗಿ ‘ಬುರ... ಮಟ್ಟ’ ಎಂದರು. ನಾನು ಒಂದೇ ಸಲಕ್ಕೆ ಹೇಳಿದೆ. ‘ಮಟ್ಟ’ ಎಂಬಲ್ಲಿ ನಮಗೇನು ಕಷ್ಟ!