ಅತ್ತೂರಿಗೆ ಹೊರಡುವ ಮುಂಚಿನ ಲೆಕ್ಕ

ಜನವರಿ ಬಂತೆಂದರೆ ಕರಾವಳಿಯ ಮನೆಗಳಲ್ಲಿ ಅತ್ತೂರು ಜಾತ್ರೆಯ ಮಾತು ಶುರುವಾಗುತ್ತದೆ. ಕಾರ್ಕಳದ ಪಕ್ಕದ ಈ ಸಂತ ಲಾರೆನ್ಸರ ಇಗರ್ಜಿಗೆ 2016ರಲ್ಲಿ ಕಿರು ಬಸಿಲಿಕ ಎಂಬ, ಪೋಪರು ಕೊಡುವ ವಿಶೇಷ ಗೌರವದ ಪಟ್ಟ ಬಂತು. ಆದರೆ ಜಾತಿ ಮತ ನೋಡದೆ ಜನ ಅದನ್ನು ತಮ್ಮ ಪುಣ್ಯಕ್ಷೇತ್ರ ಮಾಡಿಕೊಂಡು ತಲೆಮಾರುಗಳೇ ಆಗಿವೆ. ಮಕ್ಕಳಾಗಲಿ ಎಂದು ಬರುವವರು, ಕಾಯಿಲೆ ವಾಸಿಯಾಯಿತೆಂದು ಹರಕೆ ತೀರಿಸುವವರು, ಏನೂ ಕೇಳದೆ ಸುಮ್ಮನೆ ಮೊಂಬತ್ತಿ ಹಚ್ಚಿ ಹೋಗುವವರು, ಎಲ್ಲರೂ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ.

ಹಿರಿಯರು ಹೇಳುವ ಕಥೆಯೊಂದಿದೆ. ಟಿಪ್ಪುವಿನ ಕಾಲದಲ್ಲಿ, 1784ರಲ್ಲಿ, ಕರಾವಳಿಯ ಕ್ರೈಸ್ತರನ್ನು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದರು. 1799ರ ನಂತರ ಬದುಕಿ ಉಳಿದವರು ಊರಿಗೆ ಮರಳಿದಾಗ ಇಗರ್ಜಿಯೂ ಇರಲಿಲ್ಲ, ಹಲವರ ಗದ್ದೆ ಮನೆಗಳೂ ಕೈತಪ್ಪಿದ್ದವು. ಮುಂದೊಂದು ದಿನ ಹೊಸ ಇಗರ್ಜಿಗೆ ಜಾಗ ಹುಡುಕುತ್ತಾ ಸಂತರ ಮರದ ಪ್ರತಿಮೆ ಹೊತ್ತು ಹೊರಟವರು ನೀರಿನ ಒರತೆಯೊಂದರ ಬಳಿ ದಣಿವಾರಿಸಿಕೊಳ್ಳಲು ಅದನ್ನು ಕೆಳಗಿಳಿಸಿದರಂತೆ. ಮತ್ತೆ ಎತ್ತಲು ಹೋದರೆ ಅದು ಕದಲಲಿಲ್ಲ. ಎಲ್ಲ ಕಳೆದುಕೊಂಡ ಜನಕ್ಕೆ ದೇವರು ತಾನೇ ಮುಂದಾಗಿ ‘ಇಲ್ಲಿ ಇರುತ್ತೇನೆ’ ಎಂದ ಹಾಗೆ. ಕೃಪೆ ಎಂದಾಗಲೆಲ್ಲ ನನಗೆ ಮೊದಲು ನೆನಪಾಗುವುದು ಆ ಒರತೆ. ಅದರ ನೀರನ್ನು ಇವತ್ತಿಗೂ ಜನ ಭಕ್ತಿಯಿಂದ ತಲೆಗೆ ಚಿಮುಕಿಸಿಕೊಳ್ಳುತ್ತಾರೆ.

ಇನ್ನು ಲಾರೆನ್ಸರು. ಅವರು ರೋಮಿನ ಧರ್ಮಸಭೆಯಲ್ಲಿ ಡೀಕನ್, ಎಂದರೆ ಸೇವೆಗೆಂದು ದೀಕ್ಷೆ ಪಡೆದವರು, ಆಗಿದ್ದರು. ಕಾಣಿಕೆಯ ಹಣ ಕಾಪಾಡಿ ಬಡವರಿಗೆ ಹಂಚುವುದು ಅವರ ಸೇವೆ. 258ರಲ್ಲಿ ಚಕ್ರವರ್ತಿ ವಲೇರಿಯನನ ಹಿಂಸೆಯಲ್ಲಿ ಪೋಪ್ ಎರಡನೇ ಸಿಕ್ಸ್ತಸ್ ಹತರಾದರು. ಆಮೇಲೆ ಲಾರೆನ್ಸರನ್ನು ಹಿಡಿದ ಅಧಿಕಾರಿಗಳು ‘ಧರ್ಮಸಭೆಯ ಸಂಪತ್ತು ತಂದು ಒಪ್ಪಿಸು’ ಎಂದರು. ಅವರು ಕರೆತಂದದ್ದು ಕುಂಟರನ್ನು, ಕುರುಡರನ್ನು, ವಿಧವೆಯರನ್ನು. ‘ಸಂಪತ್ತು ಇವರೇ’ ಎಂದರು. ಆಗಸ್ಟ್ 10ರಂದು ಅವರ ಪ್ರಾಣ ಹೋಯಿತು. ಪ್ರತಿಮೆಯ ಕೈಯಲ್ಲಿರುವ ಕಬ್ಬಿಣದ ಸರಳುಗಳ ಚೌಕಟ್ಟು ಅವರನ್ನು ಬೆಂಕಿಯ ಮೇಲೆ ಸುಟ್ಟರೆಂಬ ನಂಬಿಕೆಯ ಗುರುತು.

‘ಸಂಪತ್ತು ಇವರೇ’ ಎಂಬ ಮಾತನ್ನು ಜಾಣ ಉತ್ತರ ಎಂದು ಮೆಚ್ಚಿ ಬಿಟ್ಟುಬಿಡುವವರಿದ್ದಾರೆ. ನನಗೆ ಅದು ಲೆಕ್ಕ ಒಪ್ಪಿಸಿದ ಹಾಗೆ ಕಾಣುತ್ತದೆ. ಅದಕ್ಕೆ ಏಳೆಂಟು ವರ್ಷ ಮೊದಲಷ್ಟೇ ಪೋಪ್ ಕೊರ್ನೇಲಿಯಸ್ ಬರೆದ ಪತ್ರವೊಂದರಲ್ಲಿ ರೋಮಿನ ಧರ್ಮಸಭೆ 1500ಕ್ಕೂ ಹೆಚ್ಚು ವಿಧವೆಯರನ್ನೂ ದಿಕ್ಕಿಲ್ಲದವರನ್ನೂ ಸಾಕುತ್ತಿತ್ತು ಎಂದಿದೆ. ಹಣ ನಿಜವಾಗಿಯೂ ಅವರ ಹೊಟ್ಟೆಗೇ ಹೋಗಿತ್ತು. ಲಾರೆನ್ಸರು ಅಂದು ಹೇಳಿದ್ದು ಅಪ್ಪಟ ಸತ್ಯ, ಅದನ್ನು ಹೇಳಲು ಅವರಿಗೆ ಬಾಯಿ ಬಂದದ್ದು ಅಷ್ಟು ವರ್ಷ ದಯೆಯಿಂದ ಬಾಳಿದ್ದರಿಂದ.

ಜಾತ್ರೆಯ ದಾರಿಯ ಬದಿಯಲ್ಲಿ ಬಟ್ಟೆ ಹಾಸಿ ಬೇಡುವವರು ಕೂತಿರುತ್ತಾರೆ. ನಾವು ಅಂಗಡಿಯಲ್ಲಿ ನೂರರ ನೋಟು ಮುರಿಸಿ, ಚಿಲ್ಲರೆ ಮುಷ್ಟಿಯಲ್ಲಿ ಹಿಡಿದು, ನಡೆಯುತ್ತಲೇ ಒಂದೊಂದು ಬಟ್ಟೆಗೆ ಒಂದೊಂದು ನಾಣ್ಯ ಬೀಳಿಸುತ್ತಾ ಹೋಗುತ್ತೇವೆ. ಕಣ್ಣು ಮುಂದಿನ ಬಟ್ಟೆಯ ಮೇಲಿರುತ್ತದೆ, ಮುಖದ ಮೇಲಲ್ಲ. ಕೊಡುವುದು ಬೇಡ ಎನ್ನುತ್ತಿಲ್ಲ, ಕೊಡಲೇಬೇಕು. ಆದರೆ ಯಾರನ್ನು ಸಂತರು ಸಂಪತ್ತು ಎಂದರೋ ಅವರ ಮುಖವನ್ನೂ ನೋಡದೆ ಅದೇ ಸಂತರ ಪಾದ ಮುಟ್ಟಲು ಅವಸರಪಡುವುದು ನನಗೆ ನೋವು ತರುತ್ತದೆ.

ನನ್ನ ಅಮ್ಮ ಜಾತ್ರೆಗೆ ಹೊರಡುವ ವಾರ ಬೇರೊಂದು ಕೆಲಸ ಮಾಡುತ್ತಿದ್ದಳು. ಮೀನು ತರುವಾಕೆಯ ಬಾಕಿ, ತೆಂಗಿನಕಾಯಿ ಕೀಳುವವನ ಕೂಲಿ, ಅಂಗಡಿಯ ಸಾಲದ ಪುಸ್ತಕದಲ್ಲಿದ್ದ ಹಣ, ಎಲ್ಲವನ್ನೂ ಕರೆದು ಕರೆದು ಕೊಡುತ್ತಿದ್ದಳು. ತನಗೆ ಬರಬೇಕಾದದ್ದನ್ನು ಮಾತ್ರ ಆ ವಾರ ಯಾರಲ್ಲೂ ಕೇಳುತ್ತಿರಲಿಲ್ಲ. ಅಪ್ಪ ನೆನಪಿಸಿದರೆ, “ಲೆಕ್ಕ ಇಟ್ಟುಕೊಂಡು ದೇವರ ಹತ್ತಿರ ಹೋಗುವುದು ಹೇಗೆ?” ಎನ್ನುತ್ತಿದ್ದಳು.

ಮತ್ತಾಯನ ಶುಭಸಂದೇಶದ ಹದಿನೆಂಟನೇ ಅಧ್ಯಾಯ ಓದುವಾಗ ಅಮ್ಮನ ಆ ಮಾತು ಕೇಳಿಸುತ್ತದೆ. ಅರಸನಿಗೆ ಹತ್ತು ಸಾವಿರ ತಲಾಂತು ಸಾಲ ಉಳಿಸಿಕೊಂಡ ಸೇವಕ ಕಾಲಿಗೆ ಬೀಳುತ್ತಾನೆ. ಒಂದು ತಲಾಂತು ಎಂದರೆ ಸುಮಾರು ಆರು ಸಾವಿರ ದೆನಾರಿ, ಒಂದು ದೆನಾರಿ ಒಂದು ದಿನದ ಕೂಲಿ. ಒಟ್ಟು ಆರು ಕೋಟಿ ದಿನಗಳ ದುಡಿಮೆ! ಎಷ್ಟು ಜನ್ಮ ಎತ್ತಿದರೂ ತೀರುವ ಸಾಲವಲ್ಲ. ಅರಸ ಮನಕರಗಿ ಎಲ್ಲವನ್ನೂ ಬಿಟ್ಟುಬಿಡುತ್ತಾನೆ. ಅದೇ ಸೇವಕ ಹೊರಗೆ ಬಂದು ನೂರು ದೆನಾರಿಗಾಗಿ ಜೊತೆಗಾರನ ಕುತ್ತಿಗೆ ಹಿಡಿಯುತ್ತಾನೆ. ನೂರು ದಿನದ ಕೂಲಿಯೂ ಬಡವನಿಗೆ ಸಣ್ಣದಲ್ಲ; ಯೇಸು ಆ ನಷ್ಟವನ್ನು ಇಲ್ಲವೆನ್ನುವುದಿಲ್ಲ. ನಿನಗೆ ಸಿಕ್ಕಿದ್ದನ್ನು ಅಷ್ಟು ಬೇಗ ಮರೆತೆಯಾ ಎಂದು ಕೇಳುತ್ತಾನೆ. ಅಣ್ಣತಮ್ಮಂದಿರ ಗಡಿಜಗಳದಲ್ಲಿ, ಅತ್ತೆ ಸೊಸೆಯ ಮೌನದಲ್ಲಿ, ಹತ್ತು ವರ್ಷದ ಹಿಂದಿನ ಮಾತೊಂದನ್ನು ಇನ್ನೂ ಗಂಟು ಕಟ್ಟಿ ಇಟ್ಟುಕೊಂಡ ನಮ್ಮ ಮನಸ್ಸಿನಲ್ಲಿ ಆ ಪ್ರಶ್ನೆ ಇಂದಿಗೂ ಉತ್ತರ ಕಾಯುತ್ತಿದೆ.

ಲೂಕನ ಶುಭಸಂದೇಶದಲ್ಲಿ ಬರುವ ಸುಂಕದವರ ಮುಖ್ಯಸ್ಥ ಜಕ್ಕಾಯ ಉತ್ತರ ಕೊಟ್ಟ. ಯೇಸು ಅವನಿಗೆ ಬುದ್ಧಿ ಹೇಳಲಿಲ್ಲ, ‘ಇಂದು ನಿನ್ನ ಮನೆಯಲ್ಲಿ ಉಳಿಯಬೇಕು’ ಎಂದನಷ್ಟೆ. ಅಷ್ಟಕ್ಕೇ ಅವನು ಎದ್ದು ನಿಂತು, ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸದಿಂದ ತೆಗೆದದ್ದಕ್ಕೆ ನಾಲ್ಕು ಪಟ್ಟು ವಾಪಸ್ಸು ಎಂದ. ಪ್ರೀತಿ ಮೊದಲು ಬಂತು, ಲೆಕ್ಕ ತಾನಾಗಿ ಸರಿಯಾಯಿತು.

ಈ ವರ್ಷ ಅತ್ತೂರಿಗೆ ಹೊರಡುವ ನಮ್ಮ ಮನೆಗಳಲ್ಲಿ ಪಾತ್ರೆ ತೊಳೆಯಲು ಬರುವಾಕೆಯ ಸಂಬಳ ಬಾಕಿ ಇರಬಹುದು, ಜಾತ್ರೆಗೆಂದು ರಜೆ ಹಾಕಿದ ಕೆಲಸದವನ ಕೂಲಿ ಹಿಡಿದಿಟ್ಟಿರಬಹುದು. ಮಾತು ಬಿಟ್ಟ ತಮ್ಮ ಮೂರು ಮನೆ ಆಚೆಯೇ ಇರಬಹುದು. ಕಾಣಿಕೆಯನ್ನು ಪೀಠದ ಮುಂದೆಯೇ ಬಿಟ್ಟು ಹೋಗಿ ಮೊದಲು ಸಹೋದರನೊಡನೆ ಒಂದಾಗು ಎಂದವನು ಯೇಸುವೇ. ಬಾಕಿ ತೀರಿಸಿ, ಆ ತಮ್ಮನ ಮನೆಗೆ ಹೋಗಿ ಬಂದೇ ಬಸ್ಸು ಹತ್ತೋಣ. ತಡವಾಯಿತೆಂಬ ಚಿಂತೆ ಬೇಡ; ಜಾತ್ರೆಯ ದಿನ ಅತ್ತೂರಿನಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಒಂದರ ಹಿಂದೊಂದು ಬಲಿಪೂಜೆ (ಮಾಸ್) ಇರುತ್ತದೆ.